ಉರಿನಷ್ಟ

ಹೆಸರಿಟ್ಟವರು ತಪ್ಪಿದರು.
ಆಮ್ಲಜನಕ ಅಂದರು, ಹುಳಿಯ ಅಪ್ಪ ಅಂತ.
ಹುಳಿಗೆ ಅಪ್ಪ ಬೇರೆ ಇದ್ದಾನೆಂದು ಆಮೇಲೆ ಗೊತ್ತಾಯಿತು.
ಅಷ್ಟರಲ್ಲಿ ಹೆಸರು ಪುಸ್ತಕ ಸೇರಿತ್ತು,
ರೇಷನ್ ಕಾರ್ಡಿನಲ್ಲಿ ತಪ್ಪು ಬಿದ್ದ ಹೆಸರಿನ ಹಾಗೆ.
ತಿದ್ದಿಸಲು ಯಾರೂ ಅಲೆಯಲಿಲ್ಲ.

ನಮ್ಮ ಮನೆಯಲ್ಲಿ ಅವನು ಇದ್ದದ್ದು ಸುಣ್ಣದಲ್ಲಿ,
ಹುಳಿಯ ಹಗೆಯ ಮನೆಯಲ್ಲಿ.

ನಾವು ಸುಣಗಾರರು.
ಕಾಗಿಣಾ ದಂಡೆಯ ಕಲ್ಲು ಸುಟ್ಟು
ಊರ ಗೋಡೆಗಳಿಗೆ ಬಿಳುಪು ಕೊಟ್ಟವರು.
ಈಗ ನಾನು ವಾಡಿಯ ಸಿಮೆಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿ
ಅದೇ ಕಲ್ಲನ್ನು ಒಂದೊಂದೇ ಗ್ರಾಂ ಸುಡುತ್ತೇನೆ.
ಇಕ್ಕಳದಲ್ಲಿ ಹಿಡಿದ ಮೂಸೆ ಒಲೆಯೊಳಗೆ ಹೋಗಿ
ಕೆಂಪಗಾಗಿ, ಆರಿ, ಮತ್ತೆ ತಕ್ಕಡಿಗೆ ಬಂದಾಗ
ನೂರರಲ್ಲಿ ನಲವತ್ಮೂರು, ನಲವತ್ನಾಲ್ಕು ಪಾಲು ಇರುವುದಿಲ್ಲ.
ಫಾರಂನಲ್ಲಿ ಅದಕ್ಕೊಂದು ಕಾಲಂ: ಉರಿನಷ್ಟ.

ಕಲ್ಲಿನೊಳಗೆ ಅವರು ಮೂವರು,
ನಡುವೆ ಒಂದು ಇದ್ದಿಲ ಕಣ, ಮಗ್ಗುಲಿಗೆ ಕ್ಯಾಲ್ಸಿಯಂ.
ತೂಗಿದರೆ ಕಲ್ಲಿನ ಅರ್ಧಕ್ಕೆ ತುಸುವೇ ಕಡಿಮೆ ಅವರೇ.
ಮೇ ತಿಂಗಳ ಮಧ್ಯಾಹ್ನ ಫರಸಿಯ ಮೇಲೆ
ಚಾಪೆ ಇಲ್ಲದೆ ಮಲಗಿದ್ದಾಗ
ನಿನ್ನ ಬೆನ್ನ ಕೆಳಗಿರುವುದು ಅರ್ಧ ಗಾಳಿ ಎಂದು ಯಾರಾದರೂ ಹೇಳಿದ್ದರೆ
ಬಿದ್ದೇನೆಂದು ಎದ್ದು ಕೂರುತ್ತಿದ್ದೆ.

ಉರಿ ಏರಿದಾಗ
ಇಬ್ಬರು ಇದ್ದಿಲನ್ನು ನಡುವೆ ಹಿಡಿದು ಹೊರಟುಬಿಡುತ್ತಾರೆ.
ಒಬ್ಬ ಉಳಿಯುತ್ತಾನೆ.
ಯಾರು ಉಳಿಯಬೇಕು ಅಂತ ಯಾರು ತೀರ್ಮಾನಿಸುತ್ತಾರೆ,
ವಾಜಿದ್ ಸಾರ್‌ಗೆ ಕೇಳಿದೆ.
"ಕೆಮಿಸ್ಟ್ರಿಯಾಗ ಹಂಗ ಕೇಳಬಾರದವ್ವ" ಅಂದರು,
ಚಹಾ ತರಿಸಿದರು.

ಸಾಬಮ್ಮಜ್ಜಿ ಕೇಳುತ್ತಿದ್ದಳು.
ಅವಳ ಗಂಡ ಮರೆಪ್ಪ, ಪುಷ್ಯದ ಚಳಿಗೆ
ಭಟ್ಟಿಯ ಪಕ್ಕದ ತಗ್ಗಿನಲ್ಲಿ ಬೆಚ್ಚಗೆ ಕಂಬಳಿ ಹೊದ್ದವನು
ಬೆಳಿಗ್ಗೆ ಏಳಲಿಲ್ಲ. ಮೈಮೇಲೆ ಒಂದು ಗೀರೂ ಇಲ್ಲ.
ದೆವ್ವ ಬಡೀತು ಅಂದರು. ಭಟ್ಟಿಗೆ ಕೋಳಿ ಕೊಯ್ದರು.
ನನಗೆ ಗೊತ್ತು:
ಕಲ್ಲು ಬಿಟ್ಟು ಹೊರಟ ಆ ಇಬ್ಬರು
ತಣ್ಣಗಾಗಿ, ಗಾಳಿಗಿಂತ ಭಾರವಾಗಿ,
ನೆಲ ಹಿಡಿದು ತೆವಳಿ ಬಂದು
ಅವನ ಕಂಬಳಿಯೊಳಗೆ ಸೇರಿಕೊಂಡರು.
ಬದುಕಿಸುವವನೇ. ಅವತ್ತು ಯಾರ ಕೈ ಹಿಡಿದಿದ್ದ ಅನ್ನುವುದಷ್ಟೇ.
ಇದನ್ನು ಅಜ್ಜಿಗೆ ಹೇಳಲಿಲ್ಲ.
ದೆವ್ವವಾದರೆ ಬೈಯಲಿಕ್ಕಾದರೂ ಬರುತ್ತದೆ.

ಭಟ್ಟಿ ಆರಿ ಎಷ್ಟೋ ವರ್ಷವಾದ ಮೇಲೂ
ಪ್ರತಿ ದಸರೆಗೆ ಅವಳು ಗಡಿಗೆಯಲ್ಲಿ ಸುಣ್ಣ ಅರಳಿಸುತ್ತಿದ್ದಳು,
ಒಲೆ ಇಲ್ಲದೆ ಕೊತಕೊತ ಕುದಿಯುವ ನೀರು.
ಒಳಕೋಣೆಗೆ ಬಳಿದು ನಮ್ಮನ್ನೆಲ್ಲ ಒಳಗೆ ಕೂರಿಸುತ್ತಿದ್ದಳು:
"ಮಾತಾಡ್ರಿ, ನಗ್ರಿ, ಜಗಳಾರ ಆಡ್ರಿ.
ಗ್ವಾಡಿ ಉಸುರು ಕುಡೀಬೇಕು, ಅಂದ್ರ ಗಟ್ಟಿ ಆಗ್ತದ."
ನಾವು ಹತ್ತೊಂಬತ್ತರ ಮಗ್ಗಿ ಹೇಳಿದೆವು,
ಒಂಬತ್ತನೆಯ ಸಾಲಿಗೆ ಎಲ್ಲರೂ ತಪ್ಪಿದೆವು.

ಅದು ಖರೆ ಎಂದು ಬಿಎಸ್ಸಿ ಎರಡನೇ ವರ್ಷ ತಿಳಿಯಿತು.
ಹೋದ ಇಬ್ಬರ ಜಾಗಕ್ಕೆ ಇಬ್ಬರು ಬರುತ್ತಾರೆ,
ನೀರು ಎದ್ದು ಹೋಗುತ್ತದೆ,
ಸುಣ್ಣ ಮತ್ತೆ ಕಲ್ಲು.
ಹೋದವರೇ ಬಂದರೋ ಬೇರೆಯವರೋ ಹೇಳಲಾಗದು.
ಆ ಕಣಕ್ಕೆ ಮಚ್ಚೆ ಇಲ್ಲ, ಹಚ್ಚೆ ಇಲ್ಲ, ಅಡ್ಡಹೆಸರಿಲ್ಲ.

"ದಿನಾ ನಷ್ಟ ಬರೀತಿ" ಅಂದಿದ್ದಳು ಒಮ್ಮೆ,
"ತಿರುಗಿ ಬಂದದ್ದು ಯಾರ್ ಬರಕೋತಾರ?"

ಅವಳಿಲ್ಲ. ಹೋದ ವಾರ ಆ ಕೋಣೆ ಕೆಡವಿದರು.
ಉಗುರಗಲದ ಒಂದು ಚಕ್ಕೆ ತಂದೆ.
ಅಂಚಿನಲ್ಲಿ ಪದರಗಳು, ಎಣಿಸಿದರೆ ಮೂವತ್ತೊಂದು,
ಒಂದೆರಡಕ್ಕೆ ನೀಲಿ ಜಾಸ್ತಿಯಾಗಿದೆ.
ರಾತ್ರಿ ಪಾಳಿ, ವಾಜಿದ್ ಸಾರ್ ನಮಾಜಿಗೆ ಹೋಗಿದ್ದರು.
ಗಾಜಿನ ಮೇಲಿಟ್ಟು ಹೈಡ್ರೋಕ್ಲೋರಿಕ್ ಒಂದು ಹನಿ ಬಿಟ್ಟೆ
(ಹೆಸರಿಟ್ಟವರು ತಪ್ಪಿದ್ದು ಬಯಲಾದದ್ದು ಈ ಹುಳಿಯಿಂದಲೇ).
ಬುಸ್ಸೆಂದಿತು.
ಗುಳ್ಳೆ ಎದ್ದು ಒಡೆದವು, ಎದ್ದು ಒಡೆದವು.
ಮುಖ ಹಿಂದಕ್ಕೆ ತೆಗೆಯಬೇಕು ಅನ್ನುವುದು ನಿಯಮ.
ತೆಗೆಯಲಿಲ್ಲ.
ಸ್ಯಾಂಪಲ್ ನಂಬರೂ ಬರೆಯಲಿಲ್ಲ.